ಕಪ್ಪಾದ ಕುಂಕುಮವನ್ನು ಕೆಂಪಾಗಿಸಿದ್ದು ಹೀಗೆ: ನನ್ನ ಅನುಭವ

ಹಳೆಯ ಕಪ್ಪು-ಬಿಳುಪು ಫೋಟೋಗೆ ಕಂಪ್ಯೂಟರಿನಲ್ಲಿ ಬಣ್ಣ ತುಂಬುವವರೆಲ್ಲ ಹೇಳುವ ನಿಯಮ ಒಂದೇ: ಮೂಲದ ಬೆಳಕು-ನೆರಳು ಮುಟ್ಟಬೇಡಿ, ಫೋಟೋಶಾಪ್‌ನ ಕಲರ್ ಮೋಡ್‌ನಲ್ಲಿ (ಬಣ್ಣ ಮಾತ್ರ ಬದಲಿಸುವ ಪದರ) ಮೇಲಿಂದ ಬಣ್ಣ ಹಾಕಿ. ಆ ನಿಯಮ ಮುರಿದ ಮೇಲೆಯೇ ನನ್ನ ಕೆಲಸ ಸರಿಹೋಯಿತು. ಫೋಟೋ ಹಾಳಾಗುತ್ತದೆ ಎಂದ ಇಲ್ಲಿನ ಇಬ್ಬರು ರಿಟಚಿಂಗ್ ಗೆಳೆಯರು ಈಗ ಇದನ್ನೇ ಮಾಡುತ್ತಿದ್ದಾರೆ.

ಮುಂಬಯಿಯ ನಮ್ಮ ಕನ್ನಡ ಮನೆಗಳಿಂದ ನನಗೆ ಬರುವ ಫೋಟೋಗಳಲ್ಲಿ ಹೆಚ್ಚಿನವು ಇಳಕಲ್ ಸೀರೆಯುಟ್ಟ ಅಜ್ಜಿಯಂದಿರದು. ಹಣೆಯಲ್ಲಿ ಕಾಸಿನಗಲ ಕುಂಕುಮ. ಫೋಟೋದಲ್ಲಿ ಕುಂಕುಮವೂ ಕಪ್ಪು, ಸೆರಗೂ ಕಪ್ಪು. ಹಳೆಯ ಆರ್ಥೊಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಬೆಳಕು ಕಾಣುವುದಿಲ್ಲ. ಅದಕ್ಕೇ ಅದನ್ನು ಕೆಂಪು ದೀಪದಡಿ ತೊಳೆಯಲು ಬರುತ್ತಿತ್ತು. ಕಲರ್ ಮೋಡ್ ಮಾತ್ರ ಕೆಳಗಿನ ಬೆಳಕನ್ನು ಹಾಗೇ ಉಳಿಸಿಕೊಳ್ಳುತ್ತದೆ. ಹೀಗಾಗಿ ಎಷ್ಟು ಕೆಂಪು ಸುರಿದರೂ ಕುಂಕುಮ ಒಣಗಿದ ರಕ್ತದಂತೆ ಕಾಣುತ್ತದೆ. ತಾನೇ ಬಣ್ಣ ತುಂಬುವ ಫೋಟೋಶಾಪ್‌ನ ನ್ಯೂರಲ್ ಫಿಲ್ಟರ್‌ಗೆ ಕೊಟ್ಟು ನೋಡಿದೆ, ಸೆರಗು ಕಂದು ಬಣ್ಣಕ್ಕೆ ತಿರುಗಿತು, ಕುಂಕುಮ ಮಚ್ಚೆಯಾಗಿಯೇ ಉಳಿಯಿತು.

ಖಾತ್ರಿ ಮಾಡಿಕೊಳ್ಳಲು ಒಂದು ಪ್ರಯೋಗ ಮಾಡಿದೆ. ಕುಂಕುಮ, ಅರಿಶಿನ, ಹಸಿರು ಬಳೆ, ನೀಲಿ ಬಟ್ಟೆ ಸಾಲಾಗಿಟ್ಟು ಕಿಟಕಿ ಬೆಳಕಿನಲ್ಲಿ ಡಿಜಿಟಲ್ ಫೋಟೋ ತೆಗೆದು, ಹಳೆಯ ಫಿಲ್ಮಿನಂತೆ ಕಾಣಲು ಚಾನೆಲ್ ಮಿಕ್ಸರ್‌ನಲ್ಲಿ (ಫೋಟೋದ ಕೆಂಪು, ಹಸಿರು, ನೀಲಿ ಚಾನೆಲ್‌ಗಳನ್ನು ಬೆರೆಸುವ ಸಾಧನ) ಮೊನೊಕ್ರೋಮ್ ಗುರುತು ಹಾಕಿ ಕೆಂಪು 0, ಹಸಿರು 50, ನೀಲಿ 50 ಇಟ್ಟೆ. ನೆನಪಿನಿಂದ ಹೇಳುವುದಾದರೆ 255ರ ಅಳತೆಯಲ್ಲಿ (0 ಕಪ್ಪು, 255 ಬಿಳಿ) ಕುಂಕುಮ 30ರ ಸುಮಾರಿಗೆ ಇಳಿಯಿತು, ಸಾಮಾನ್ಯ ಕಪ್ಪು-ಬಿಳುಪು ಪರಿವರ್ತನೆಯಲ್ಲಿ ಅದೇ 70 ಇತ್ತು. ನೀಲಿ 70ರಿಂದ 110ಕ್ಕೆ ಏರಿತು. ಅರಿಶಿನ 165ರಿಂದ 100ರ ಹತ್ತಿರಕ್ಕೆ ಬಿತ್ತು. ಹಸಿರು ಬಳೆ ಹೆಚ್ಚು ಅಲುಗಲಿಲ್ಲ. ಅಂದರೆ ಹಳೆಯ ಫೋಟೋದ ಒಂದೇ ಬೂದು ನೀಲಿಯೂ ಆಗಿರಬಹುದು, ಅರಿಶಿನವೂ ಆಗಿರಬಹುದು. ಕಣ್ಣಂದಾಜಿನಲ್ಲಿ ಬಣ್ಣ ಹಾಕುವವರು ಎಡವುವುದು ಇಲ್ಲೇ.

ಈಗಿನ ಕ್ರಮ ಹೀಗಿದೆ. ಗ್ರೇಸ್ಕೇಲ್ ಅಲ್ಲ, 48 ಬಿಟ್ (ಚಾನೆಲ್‌ಗೆ 16 ಬಿಟ್) ಕಲರ್‌ನಲ್ಲೇ 600 ಡಿಪಿಐ ಸ್ಕ್ಯಾನ್. ಆಟೊ ಕರೆಕ್ಷನ್ ಪೂರ್ತಿ ಬಂದ್. ಹಳದಿ ಕಲೆಗಳು ನೀಲಿ ಚಾನೆಲ್‌ನಲ್ಲಿ ಢಾಳಾಗಿ, ಕೆಂಪು ಚಾನೆಲ್‌ನಲ್ಲಿ ತೀರ ಮಸುಕಾಗಿ ಬರುತ್ತವೆ, ಆದ್ದರಿಂದ ಕೆಂಪು ಚಾನೆಲ್ ಎತ್ತಿಕೊಂಡರೆ ಅರ್ಧ ಕಲೆ ತೆಗೆದಂತೆಯೇ. ಮಳೆಗಾಲದ ತೇವಕ್ಕೆ ಫ್ರೇಮಿನ ಗಾಜಿಗೆ ಅಂಟಿದ ಫೋಟೋಗಳು ಇಲ್ಲಿ ಬಹಳ. ಕೀಳಬೇಡಿ, ಮೇಲ್ಪದರ ಗಾಜಿಗೇ ಉಳಿದುಬಿಡುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿ. ತೆಳ್ಳನೆಯ ಸಿಐಎಸ್ ಸ್ಕ್ಯಾನರ್‌ಗೆ ಫೋಕಸ್ ಆಳವಿಲ್ಲ, ಗಾಜಿನ ದಪ್ಪಕ್ಕೇ ಚಿತ್ರ ಮಸುಕಾಗುತ್ತದೆ, ಒಳಗೆ ಲೆನ್ಸ್ ಇರುವ ದಪ್ಪನೆಯ ಸಿಸಿಡಿ ಸ್ಕ್ಯಾನರ್ ಬೇಕು. ಲ್ಯಾಮಿಂಗ್ಟನ್ ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಸಿಸಿಡಿಗೆ ಸುಮಾರು 9,000 ಕೊಟ್ಟೆ, ನಾಲ್ಕೇ ತಿಂಗಳಲ್ಲಿ ಆ ದುಡ್ಡು ಹುಟ್ಟಿತು. ನೆರಳಿನ ಜಾಗ ಬೆಳ್ಳಿಯಂತೆ ಹೊಳೆಯುವ ಪ್ರಿಂಟಾದರೆ ಸ್ಕ್ಯಾನರ್ ಬಿಟ್ಟು, ದೀಪಗಳಿಗೂ ಲೆನ್ಸಿಗೂ ಪೋಲರೈಸರ್ (ಹೊಳಪು ತಡೆಯುವ ಫಿಲ್ಟರ್) ಹಾಕಿ ಒಂದಕ್ಕೊಂದು ಅಡ್ಡ ತಿರುಗಿಸಿ ಕ್ಯಾಮೆರಾದಲ್ಲೇ ತೆಗೆಯುತ್ತೇನೆ.

ಬಣ್ಣಕ್ಕೆ ಮೊದಲು ಬೆಳಕು. ಕುಂಕುಮ, ಸೆರಗು, ದಡಿಗೆ ಬೇರೆ ಬೇರೆ ಮಾಸ್ಕ್ ಮಾಡಿ (ಆ ಭಾಗವನ್ನಷ್ಟೇ ಪ್ರತ್ಯೇಕಿಸಿ), ಬಣ್ಣದ ಪದರದ ಕೆಳಗೆ ಬೆಳಕು ತಿದ್ದುವ ಕರ್ವ್ಸ್ ಇಟ್ಟು 30ನ್ನು 65-70ರವರೆಗೆ ಎತ್ತುತ್ತೇನೆ. ತುಟಿಯನ್ನು ಇದರ ಅರ್ಧದಷ್ಟು. ಚರ್ಮವೂ ಈ ಫಿಲ್ಮಿನಲ್ಲಿ ಕಪ್ಪಿಟ್ಟಿರುತ್ತದೆ, 8-10 ಅಂಶ ಎತ್ತಿದರೆ ಸಾಕು. ಇನ್ನಷ್ಟು ಬೆಳ್ಳಗೆ ಮಾಡಿ ಎಂದು ಕೇಳುವವರಿದ್ದಾರೆ, ನಾನು ಮಾಡಿಕೊಡುವುದಿಲ್ಲ. ಅಜ್ಜಿಯ ಮೈಬಣ್ಣ ಅಜ್ಜಿಯದೇ ಆಗಿರಬೇಕು.

ಇಲ್ಲಿ ಕೆಡುವುದು ಫೈಲಿನಿಂದ. 8 ಬಿಟ್ ಫೈಲಿನಲ್ಲಿ ಇಷ್ಟು ಎತ್ತಿದರೆ ಸೆರಗಿನಲ್ಲಿ ಪಟ್ಟಿ ಪಟ್ಟಿ ಏಳುತ್ತದೆ. ವಾಟ್ಸಾಪ್‌ನಲ್ಲಿ ಬಂದ ಫೋಟೋವಾದರೆ ಚೌಕ ಚೌಕ. ಅಂಥ ಮೂರು ಕೆಲಸ ಒಪ್ಪಿಕೊಂಡು ಮೂರಕ್ಕೂ ಮುಂಗಡ ವಾಪಸು ಕೊಟ್ಟೆ, 4,000ದಷ್ಟು ಹೋಯಿತು. ಈಗ ಮೂಲ ಪ್ರಿಂಟು ಕೈಗೆ ಬರದೆ ಕೆಲಸ ಹಿಡಿಯುವುದಿಲ್ಲ.

ಇನ್ನೊಂದು ಎಚ್ಚರ. ಕಪ್ಪೆಲ್ಲ ಕೆಂಪಲ್ಲ. ಮಹಾರಾಷ್ಟ್ರದಲ್ಲಿ ಸಂಕ್ರಾಂತಿಗೆ ಕಪ್ಪು ಸೀರೆ ಉಡುತ್ತಾರೆ, ಇಲ್ಲಿ ತಲೆಮಾರುಗಳಿಂದ ಇರುವ ನಮ್ಮವರೂ ಉಡುತ್ತಾರೆ. ಫೋಟೋ ಯಾವ ಹಬ್ಬದ್ದು, ಆ ಸೀರೆ ಇನ್ನೂ ಟ್ರಂಕಿನಲ್ಲಿದೆಯೇ ಎಂದು ಮನೆಯ ಹಿರಿಯರನ್ನು ಕೇಳಿಯೇ ಮುಂದುವರಿಯಬೇಕು. ಸೀರೆ ಸಿಕ್ಕರೆ ಅದರದೇ ಫೋಟೋ ತೆಗೆದು ಬಣ್ಣ ಎತ್ತಿಕೊಳ್ಳಿ, ಊಹೆಯ ಕೆಲಸವೇ ಇಲ್ಲ. ಇಳಕಲ್ಲಿನ ಟೋಪ ತೆನಿ ಸೆರಗಾದರೆ ಕೆಂಪಿನ ನಡುವೆ ಬಿಳಿ ತೆನೆಗಳಿರುತ್ತವೆ. ಅವುಗಳ ಅಂಚಿಗೆ ಕೆಂಪು ಹರಿಯದಂತೆ ಮಾಸ್ಕ್ ಮಾಡಲಿಕ್ಕೇ ಒಂದು ಗಂಟೆ ಬೇಕು.

ಚರ್ಮಕ್ಕೆ ಒಂದೇ ಬಣ್ಣ ಹಾಕಿದರೆ ಮೇಣದ ಗೊಂಬೆ. ನಾನು ಬೆಳಕಿನ ಮಟ್ಟಕ್ಕೆ ತಕ್ಕ ಬಣ್ಣ ಹಂಚುವ ಗ್ರೇಡಿಯಂಟ್ ಮ್ಯಾಪ್ ಬಳಸುತ್ತೇನೆ (ಅಂಕಿಗಳು ಕೆಂಪು-ಹಸಿರು-ನೀಲಿಯ ಅಳತೆ): ನೆರಳಿಗೆ 60-32-22, ನಡುವಿಗೆ 165-112-82, ಬೆಳಕಿಗೆ 235-200-165ರ ಆಸುಪಾಸು, ಕಲರ್ ಮೋಡ್‌ನಲ್ಲಿ. ಅದರ ಮೇಲೆ ಕಿವಿ, ಮೂಗಿನ ತುದಿ, ಕೆನ್ನೆಗೆ ತೆಳುವಾಗಿ ಕೆಂಪು. ಕೆನ್ನೆಯ ಕೆಂಪಿಗೂ ಮೊದಲು ಹಾಕುವ ಪದರ ಒಂದಿದೆ, ಮುಖಕ್ಕೆ ಜೀವ ಬರುವುದು ಅದರಿಂದಲೇ. ಅದನ್ನು ಇಲ್ಲಿ ಬರೆಯುವುದಿಲ್ಲ, ಅದು ನನ್ನ ಅನ್ನ. ಚಿನ್ನಕ್ಕೆ ಹ್ಯೂ (ಬಣ್ಣದ ಚಕ್ರದ ಕೋನ) 42ರ ಸುತ್ತ ಇರಲಿ, 30ಕ್ಕೆ ಇಳಿದರೆ ತಾಮ್ರ. ಉಚಿತ ತಂತ್ರಾಂಶ ಜಿಂಪ್‌ನಲ್ಲೂ ಇದೆಲ್ಲ ಆಗುತ್ತದೆ, ಎಲ್‌ಸಿಎಚ್ ಕಲರ್ ಮೋಡ್ ಹಾಕಿಕೊಳ್ಳಿ.

ಒಬ್ಬರೇ ಇರುವ ಫೋಟೋಗೆ ನಾಲ್ಕೈದು ಗಂಟೆ, 1,800 ರೂಪಾಯಿ ತೆಗೆದುಕೊಳ್ಳುತ್ತೇನೆ. ಎಂಟು-ಹತ್ತು ಜನರ ಮದುವೆ ಗುಂಪಾದರೆ 5,000.

ಪ್ರಿಂಟಿನಲ್ಲಿ ಕಳೆದದ್ದೂ ಕಡಿಮೆಯಲ್ಲ. ಲ್ಯಾಬಿನ ಯಂತ್ರ ತಾನೇ ಬಣ್ಣ ತಿದ್ದಿ ಮೊದಲ ಮೂರು 12x18 ಪ್ರಿಂಟುಗಳ ಮುಖ ಇಟ್ಟಿಗೆಯಂತೆ ಬಂದವು, ಒಂದೊಂದಕ್ಕೆ 250 ಹೋಯಿತು. ಈಗ ಎಸ್‌ಆರ್‌ಜಿಬಿ ಎಂಬ ಸಾಮಾನ್ಯ ಬಣ್ಣದ ಮಾನಕದಲ್ಲಿ ಫೈಲ್ ಕೊಟ್ಟು, ಕೌಂಟರಿನಲ್ಲಿ ‘ನೋ ಕರೆಕ್ಷನ್’ ಎಂದು ಚೀಟಿ ಬರೆಸಿ, ಮೊದಲು ಮುಖ ಮತ್ತು ಸೆರಗು ಎರಡೂ ಇರುವ ತುಂಡನ್ನು 4x6ರಲ್ಲಿ ತೆಗೆಸುತ್ತೇನೆ. ಅದನ್ನು ಅಂಗಡಿಯ ಟ್ಯೂಬ್‌ಲೈಟಿನಡಿ ನೋಡದೆ ಹೊರಗೆ ಬಿಸಿಲಿಗೆ ಹಿಡಿದು, ಕುಂಕುಮ ಕೆಂಪಾಗಿದ್ದರೆ ಮಾತ್ರ ದೊಡ್ಡದಕ್ಕೆ ಹೇಳುತ್ತೇನೆ.