ಮೆದುಳಲ್ಲಿ ಲಿಂಫೋಮಾ (ಬಿಳಿ ರಕ್ತಕಣಗಳ ಒಂದು ಬಗೆಯ ಕ್ಯಾನ್ಸರ್) ಇರಬಹುದು ಎಂದರೆ ಮೊದಲು ಏನು ಮಾಡಬೇಕು?

ಶಿರಸಿಯಲ್ಲೋ ಕಾರವಾರದಲ್ಲೋ ಸ್ಕ್ಯಾನ್ ಮಾಡಿಸಿದಾಗ ಹೀಗೆ ಹೇಳಿದರೆ, ಮಣಿಪಾಲಕ್ಕೋ ಹುಬ್ಬಳ್ಳಿಗೋ ಹೊರಡುವ ಮೊದಲೇ ಒಂದು ಪ್ರಶ್ನೆ ಕೇಳಿ: ಸ್ಟೀರಾಯ್ಡ್ ಕೊಟ್ಟಿದ್ದೀರಾ? ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೊಟ್ಟರೆ ಈ ಗಡ್ಡೆ ಕೆಲವೇ ದಿನಗಳಲ್ಲಿ ಕರಗಿದಂತೆ ಕಾಣಬಹುದು, ರೋಗಿ ಎದ್ದು ಓಡಾಡಬಹುದು, ಮನೆಯವರಿಗೆ ಸಮಾಧಾನ. ಆದರೆ ಕಾಯಿಲೆ ಹೋಗಿರುವುದಿಲ್ಲ, ಆಮೇಲೆ ಬಯಾಪ್ಸಿ ಮಾಡಿದರೆ ಏನೂ ಸಿಗದೇ ಹೋಗಬಹುದು. ಮೆದುಳಿನ ಒತ್ತಡ ಜೀವಕ್ಕೇ ಅಪಾಯ ಎನ್ನುವಷ್ಟಿದ್ದರೆ ಕೊಡಲೇಬೇಕು. ಅದು ವೈದ್ಯರ ತೀರ್ಮಾನ. ಯಾವ ದಿನ, ಎಷ್ಟು ಡೋಸ್ ಅಂತ ಬರೆಸಿಕೊಳ್ಳಿ, ನೀವಾಗಿ ನಿಲ್ಲಿಸಬೇಡಿ.

ಬಯಾಪ್ಸಿ ಎಂದರೆ ಸಾಮಾನ್ಯವಾಗಿ ಸೂಜಿಯಲ್ಲಿ ಚೂರು ತೆಗೆಯುವುದು. "ಪೂರ್ತಿ ಕತ್ತರಿಸಿ ತೆಗೆದುಬಿಡಿ" ಅಂತ ಒತ್ತಾಯ ಬೇಡ, ಇದು ಮುಖ್ಯವಾಗಿ ಔಷಧಿಯಲ್ಲಿ ವಾಸಿ ಮಾಡಲು ನೋಡುವ ಕಾಯಿಲೆ. ಜೊತೆಗೆ ಬೆನ್ನುನೀರು, ಕಣ್ಣು, ಎಚ್‌ಐವಿ ಪರೀಕ್ಷೆ, ಪೆಟ್ ಸ್ಕ್ಯಾನ್ (ಮೈಯಲ್ಲಿ ಬೇರೆಲ್ಲಾದರೂ ಕ್ಯಾನ್ಸರ್ ಇದೆಯೇ ಎಂದು ನೋಡುವ ಸ್ಕ್ಯಾನ್) ಆಗಬೇಕು. ಕಣ್ಣಿನ ಪರೀಕ್ಷೆ ಸುಮ್ನೆ ಅಲ್ಲ, ಅಲ್ಲೂ ಲಿಂಫೋಮಾ ಅಡಗಿರಬಹುದು.

ಅಪರೂಪದ ಬಗೆಗಳೂ ಇವೆ. ಮೆದುಳಿನ ಹೊರಪೊರೆಯದು ಸ್ಕ್ಯಾನಿನಲ್ಲಿ ಮೆನಿಂಜಿಯೋಮಾ ಎಂಬ, ಅದೇ ಪೊರೆಯ ಬೇರೊಂದು ಗಡ್ಡೆಯಂತೆಯೇ ಕಾಣುತ್ತದೆ, ಆದರೆ ನಿಧಾನವಾಗಿ ಬೆಳೆಯುವ ಬಗೆ ರೇಡಿಯೇಷನ್‌ಗೆ ಚೆನ್ನಾಗಿ ಬಗ್ಗುತ್ತದೆ. ರಕ್ತನಾಳದೊಳಗೇ ಬೆಳೆಯುವುದು ಮತ್ತೆ ಮತ್ತೆ ಲಕ್ವ ಹೊಡೆದಂತೆ ತೋರುತ್ತದೆ, ಕೆಲವೊಮ್ಮೆ ಚರ್ಮದ ಬಯಾಪ್ಸಿಯಲ್ಲಿ ಸಿಕ್ಕಿಬೀಳುತ್ತದೆ.

ಸಾಮಾನ್ಯ ಬಗೆಗೆ ಮುಖ್ಯ ಔಷಧಿ ಹೈ-ಡೋಸ್ ಮೆಥೋಟ್ರೆಕ್ಸೇಟ್ ಎಂಬ ಕೀಮೋ, ಅಡ್ಮಿಟ್ ಆಗಿಯೇ ತೆಗೆದುಕೊಳ್ಳಬೇಕು. ಕಿಡ್ನಿ ಕಾಪಾಡಲು ಡ್ರಿಪ್, ಆಮೇಲೆ ಆ ಕೀಮೋದ ದುಷ್ಪರಿಣಾಮ ತಗ್ಗಿಸುವ ಲ್ಯೂಕೋವೊರಿನ್. ಆ ದಿನಗಳಲ್ಲಿ ಮೆಡಿಕಲ್ ಶಾಪಿನ ನೋವಿನ ಮಾತ್ರೆ, ಗ್ಯಾಸ್ಟ್ರಿಕ್ ಮಾತ್ರೆ ಕೇಳದೇ ನುಂಗಬೇಡಿ.

ಕಾಲಿನ ಬಲ ಕಡಿಮೆಯಾಗಿ ಮೂತ್ರ ಕಟ್ಟಿದರೆ ಬೆನ್ನುಹುರಿ ಒತ್ತಿರಬಹುದು. ಬೆಳಗಿನ ಬಸ್ಸಿಗೆ ಕಾಯಬೇಡಿ, ರಾತ್ರಿಯೇ 108ಕ್ಕೆ ಫೋನ್ ಮಾಡಿ.