ಕಿಡ್ನಿಯ ಸುತ್ತಲಿನ ಕೊಬ್ಬನ್ನು ನಾನು ಅಳೆಯುವ ಬಗೆ

ಕಿಡ್ನಿ ಕಲ್ಲಿಗೆಂದು ತೆಗೆಸಿದ ಸಿ.ಟಿ. ಸ್ಕ್ಯಾನ್‌ನ ವರದಿಯಲ್ಲಿ ನಾವು ರೇಡಿಯಾಲಜಿಸ್ಟರು ಕಲ್ಲಿನ ಗಾತ್ರ, ಜಾಗ ಬರೆದು ಮುಗಿಸುತ್ತೇವೆ. ಮೂತ್ರಪಿಂಡವನ್ನು ಸುತ್ತುವರಿದ ಕೊಬ್ಬು ಅದೇ ಚಿತ್ರದಲ್ಲಿ ಎದ್ದು ಕಾಣುತ್ತಿದ್ದರೂ ಅದರ ಬಗ್ಗೆ ಒಂದು ಸಾಲೂ ಇರುವುದಿಲ್ಲ. ರಕ್ತದೊತ್ತಡ ಮತ್ತು ದೀರ್ಘಕಾಲದ ಕಿಡ್ನಿ ಕಾಯಿಲೆಯೊಂದಿಗೆ ಈ ಕೊಬ್ಬಿಗಿರುವ ನಂಟನ್ನು ಹಲವು ಅಧ್ಯಯನಗಳು ತೋರಿಸಿವೆ. ತೂಕದ ಯಂತ್ರ ಇದನ್ನು ಹೇಳಲಾರದು. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ 2004ರಲ್ಲಿ ತಮ್ಮನ್ನೂ ಬ್ರಿಟನ್ನಿನ ಸಹೋದ್ಯೋಗಿಯನ್ನೂ ಹೋಲಿಸಿ ಪ್ರಕಟಿಸಿದ ಚಿತ್ರದಲ್ಲಿ ಇಬ್ಬರ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕ) 22.3. ಆದರೆ ದೇಹದ ಕೊಬ್ಬು ಸಹೋದ್ಯೋಗಿಯಲ್ಲಿ ಶೇ 9.1, ಯಾಜ್ಞಿಕ್ ಅವರಲ್ಲಿ ಶೇ 21.2. ನಮ್ಮವರ ಒಳಗೊಬ್ಬನ್ನು ನೋಡಿಯೇ ತಿಳಿಯಬೇಕು.

ಹಾಗೆಂದು ಕೊಬ್ಬು ಅಳೆಯುವುದಕ್ಕೆಂದೇ ಯಾರನ್ನೂ ಸಿ.ಟಿ. ಯಂತ್ರದೊಳಗೆ ಮಲಗಿಸಬಾರದು. ನೈತಿಕ ಸಮಿತಿಯ ಒಪ್ಪಿಗೆ ಪಡೆದು, ರೋಗಿಗಳ ಗುರುತು ಅಳಿಸಿದ ಹಳೆಯ ಸ್ಕ್ಯಾನ್‌ಗಳನ್ನಷ್ಟೇ ತೆಗೆದುಕೊಂಡೆ. ಅಳೆಯಲು ಉಚಿತವಾಗಿ ಸಿಗುವ 3ಡಿ ಸ್ಲೈಸರ್ ತಂತ್ರಾಂಶ ಸಾಕಾಯಿತು.

ಸಿ.ಟಿ.ಯಲ್ಲಿ ಪ್ರತಿ ಚುಕ್ಕೆಗೂ ಸಾಂದ್ರತೆಯನ್ನು ತೋರುವ ಹೌನ್ಸ್‌ಫೀಲ್ಡ್ ಮಾನದಲ್ಲಿ ಒಂದು ಅಂಕಿ ಇರುತ್ತದೆ: ನೀರಿಗೆ 0, ಗಾಳಿಗೆ −1000. ಕೊಬ್ಬಿಗೆ −190ರಿಂದ −30ರವರೆಗಿನ ವ್ಯಾಪ್ತಿಯನ್ನು ನಾನು ಇಟ್ಟುಕೊಂಡೆ. ಬಹುಮಂದಿ ಬಳಸುವುದೂ ಇದನ್ನೇ. ಈ ವ್ಯಾಪ್ತಿ ಕೊಟ್ಟರೆ ತಂತ್ರಾಂಶ ಹೊಟ್ಟೆಯ ಅಷ್ಟೂ ಕೊಬ್ಬಿಗೆ ಬಣ್ಣ ಬಳಿಯುತ್ತದೆ. ಅದರಲ್ಲಿ ಕಿಡ್ನಿಯ ಪಾಲು ಯಾವುದು ಎಂಬುದನ್ನು ಕಣ್ಣೇ ತೀರ್ಮಾನಿಸಬೇಕು. ಕೆಲಸದ ತಿರುಳು ಇಲ್ಲಿದೆ.

ಎಲ್ಲೆ ಎಂದರೆ ಕಿಡ್ನಿಯನ್ನೂ ಅದರ ಸುತ್ತಲಿನ ಕೊಬ್ಬನ್ನೂ ಆವರಿಸಿದ ಗೆರೋಟ ಪೊರೆ. ರುಮೇನಿಯಾದ ಅಂಗರಚನಾ ತಜ್ಞ ಡಿಮಿಟ್ರಿ ಗೆರೋಟ 1895ರಲ್ಲಿ ವಿವರಿಸಿದ ಪದರವಿದು. ಅದರ ಒಳಗಿನದು ನಮಗೆ ಬೇಕಾದ ಕೊಬ್ಬು, ಹೊರಗಿನದು ಬೇರೆ. ಹಿಂಬದಿಯಲ್ಲಿ ಪೊರೆ ಸಣ್ಣ ಬಿಳಿ ಗೆರೆಯಾಗಿ ಸಿಗುತ್ತದೆ. ಮುಂಬದಿಯಲ್ಲಿ, ಅದರಲ್ಲೂ ತೆಳ್ಳಗಿನವರಲ್ಲಿ, ದೊಡ್ಡ ಕರುಳು ಒತ್ತಿಕೊಂಡಿದ್ದು ಗೆರೆ ಮಾಯವಾಗುತ್ತದೆ. ಅಂಥ ಕಡೆ ಮೇಲಿನ ಮತ್ತು ಕೆಳಗಿನ ಸ್ಲೈಸ್‌ಗಳಲ್ಲಿ (ಸಿ.ಟಿ.ಯ ಅಡ್ಡಸೀಳು ಚಿತ್ರಗಳಲ್ಲಿ) ಗೆರೆ ಎಲ್ಲಿದೆಯೆಂದು ನೋಡಿ, ನಡುವಿನದನ್ನು ಜೋಡಿಸುತ್ತೇನೆ. ಕಿಡ್ನಿಯ ನಡುಗುಳಿಯಲ್ಲಿರುವ ಕೊಬ್ಬನ್ನು ಲೆಕ್ಕಕ್ಕೆ ಸೇರಿಸುವುದಿಲ್ಲ. ಕಿಡ್ನಿಯ ನೆತ್ತಿಯ ಮೇಲಿನ ಅಡ್ರಿನಲ್ ಗ್ರಂಥಿಯ ಸುತ್ತಲಿನದನ್ನು ಸೇರಿಸುತ್ತೇನೆ, ಏಕೆಂದರೆ ಗ್ರಂಥಿ ಇರುವುದು ಪೊರೆಯೊಳಗೇ. ಇಂಥ ನಿಯಮಗಳನ್ನು ಮೊದಲ ಸ್ಕ್ಯಾನ್ ತೆರೆಯುವ ಮುನ್ನವೇ ಬರೆದಿಟ್ಟುಕೊಳ್ಳಬೇಕು. ಪ್ರತಿ ಸ್ಲೈಸ್‌ನಲ್ಲಿನ ಈ ಕೊಬ್ಬಿನ ವಿಸ್ತೀರ್ಣವನ್ನು ಸ್ಲೈಸ್‌ಗಳ ನಡುವಿನ ಅಂತರದಿಂದ ಗುಣಿಸಿ ಕೂಡಿದರೆ ಒಟ್ಟು ಗಾತ್ರ ಸಿಗುತ್ತದೆ.

ಇದು ಸಂಶೋಧನೆಗೆ ಸರಿ. ರೋಗಿಗಳು ಸಾಲುಗಟ್ಟಿರುವ ದಿನ ಯಾರಿಂದಲೂ ಆಗದು. ದಿನನಿತ್ಯಕ್ಕೆ ನಾನು ಒಪ್ಪುವುದು ದಪ್ಪದ ಅಳತೆಯನ್ನು: ಮೂತ್ರಪಿಂಡದ ಅಭಿಧಮನಿ ಕಾಣುವ ಮಟ್ಟದಲ್ಲಿ, ಕಿಡ್ನಿಯ ಹಿಂಬದಿಯಿಂದ ಬೆನ್ನಿನ ಸ್ನಾಯುವಿನವರೆಗೆ ನೇರ ಗೆರೆ. ಶಸ್ತ್ರಚಿಕಿತ್ಸಕರಿಗೂ ಇದು ಬೇಕು. ಕಿಡ್ನಿಯ ಗಡ್ಡೆ ತೆಗೆಯುವಾಗ ಕೊಬ್ಬು ಅದಕ್ಕೆ ಎಷ್ಟು ಅಂಟಿಕೊಂಡಿರಬಹುದೆಂದು ಊಹಿಸುವ ಮೇಯೋ ಅಂಕವು ಇದೇ ದಪ್ಪವನ್ನು ಆಧರಿಸಿದೆ: 1 ಸೆಂ.ಮೀ.ಗಿಂತ ಕಡಿಮೆಯಿದ್ದರೆ 0, 2 ಸೆಂ.ಮೀ. ಅಥವಾ ಅದಕ್ಕಿಂತ ಹೆಚ್ಚಿದ್ದರೆ 2, ನಡುವೆ 1. ಕೊಬ್ಬಿನೊಳಗಿನ ಎಳೆಗಳಿಗೆ ಇನ್ನೂ ಮೂರರವರೆಗೆ ಅಂಕ ಸೇರುತ್ತದೆ.

ಅಳತೆಯನ್ನು ನಂಬುವ ಮುನ್ನ ಅದೇ ಸ್ಕ್ಯಾನ್‌ಗಳನ್ನು ಕೆಲ ವಾರಗಳ ನಂತರ ಹಳೆಯ ಅಂಕಿ ನೋಡದೆ ಮತ್ತೆ ಅಳೆದೆ, ಸಹೋದ್ಯೋಗಿಯೊಬ್ಬರಿಂದಲೂ ಅಳೆಸಿದೆ. ಇದಿಲ್ಲದ ಅಂಕಿಯನ್ನು ನಾನು ಯಾರ ಪ್ರಬಂಧದಲ್ಲಿ ಕಂಡರೂ ಒಪ್ಪುವುದಿಲ್ಲ.

ಸಿ.ಟಿ. ಇಲ್ಲದವರಿಗೆ ಅಲ್ಟ್ರಾಸೌಂಡ್ ಇದೆ. ಪ್ರೋಬನ್ನು (ಮೈಮೇಲೆ ಇಡುವ ಸಾಧನವನ್ನು) ಪಕ್ಕೆಯ ಮೇಲೆ ಉದ್ದಕ್ಕೆ ಇಟ್ಟು, ಸ್ನಾಯುವಿನ ಒಳಅಂಚಿನಿಂದ ಕಿಡ್ನಿಯ ಮೇಲ್ಮೈವರೆಗೆ ಅಳೆಯುತ್ತೇನೆ. ಕೈ ಹಗುರವಾಗಿರಬೇಕು, ಒತ್ತಿದಷ್ಟೂ ಕೊಬ್ಬು ತೆಳುವಾಗಿ ಕಾಣುತ್ತದೆ. ಉಸಿರಿಗೆ ಕಿಡ್ನಿ ಮೇಲೆ ಕೆಳಗೆ ಸರಿಯುವುದರಿಂದ ಪ್ರತಿ ಬಾರಿಯೂ ಉಸಿರಿನ ಅದೇ ಘಟ್ಟದಲ್ಲಿ ಚಿತ್ರ ನಿಲ್ಲಿಸಿ, ಯಾವ ಬದಿಯ ಕಿಡ್ನಿ ಎಂಬುದನ್ನು ಅಂಕಿಯ ಪಕ್ಕದಲ್ಲೇ ಬರೆಯುತ್ತೇನೆ.