ಬಾಗಿಲು ತೆರೆಯುವ ಮುನ್ನ ಕಾಲನ್ನು ಎಚ್ಚರಿಸಿ

ಪದಾತಿ ಸೈನಿಕರನ್ನು ಹೊತ್ತೊಯ್ಯುವ ಉಕ್ಕಿನ ಕವಚದ ಯುದ್ಧವಾಹನ ಬಿಎಂಪಿ-2ರ ಹಿಂಭಾಗದಲ್ಲಿ ಆರು ಮಂದಿ ಬೆನ್ನಿಗೆ ಬೆನ್ನು ಕೊಟ್ಟು, ಉಕ್ಕಿನ ಗೋಡೆಗೆ ಮೊಣಕಾಲು ತಾಗಿಸಿ ಕೂರುತ್ತಾರೆ. ಮೂರು ಗಂಟೆ ಹಾಗೆ ಕೂತವರು ಇಳಿದ ಕೂಡಲೇ ಮೈದಾನದ ಪರೀಕ್ಷೆಯ ವೇಗದಲ್ಲಿ ಓಡುತ್ತಾರೆ ಎಂದು ಲೆಕ್ಕ ಹಾಕುವ ಕಮಾಂಡರ್‌ಗಳನ್ನು ಕಂಡರೆ ನನಗೆ ರೇಗುತ್ತದೆ. ನನ್ನ ಸೆಕ್ಷನ್‌ನಲ್ಲಿ, ಅಂದರೆ ನನ್ನ ಕೈಕೆಳಗಿನ ಸಣ್ಣ ತುಕಡಿಯಲ್ಲಿ, ಅಂಥ ಲೆಕ್ಕಕ್ಕೆ ಜಾಗವಿರಲಿಲ್ಲ.

ಮೀನಖಂಡದ ಸ್ನಾಯು ಬಿಗಿದು ಸಡಿಲವಾದಾಗಲೇ ಕಾಲಿನ ರಕ್ತ ಮೇಲಕ್ಕೇರುವುದು. ಅದು ಸುಮ್ಮನಿದ್ದರೆ ರಕ್ತ ಕೆಳಗೇ ನಿಲ್ಲುತ್ತದೆ, ಪಾದ ಊದುತ್ತದೆ, ಥಟ್ಟನೆ ಎದ್ದವನಿಗೆ ಕಣ್ಣು ಕತ್ತಲೆ ಬರುತ್ತದೆ. ಮಡಿಚಿದ ಸೊಂಟ ಹೆಜ್ಜೆಯನ್ನು ಗಿಡ್ಡ ಮಾಡುತ್ತದೆ. ಇದರ ಮೇಲೆ ವಾಹನದ ಅಲುಗಾಟ ಬೇರೆ: ಸೆಕೆಂಡಿಗೆ ಸುಮಾರು 4ರಿಂದ 8 ಸಲದ ಕಂಪನಕ್ಕೆ ಕೂತವನ ಬೆನ್ನೆಲುಬು ಹೆಚ್ಚು ಸ್ಪಂದಿಸುತ್ತದೆ. ಅದನ್ನು ತಡೆದು ತಡೆದು ಬೆನ್ನಿನ ಸ್ನಾಯು ದಣಿಯುತ್ತದೆ.

ಆದ್ದರಿಂದ ಅರ್ಧ ಗಂಟೆಗೊಮ್ಮೆ ಹಿಮ್ಮಡಿ ಎತ್ತಿ ಇಳಿಸಿ, ಬೆರಳುಗಳನ್ನು ಮೇಲಕ್ಕೆ ಸೆಳೆಯಿರಿ. ತೊಡೆ, ಪೃಷ್ಠಗಳನ್ನು ಐದೈದು ಸೆಕೆಂಡು ಬಿಗಿಹಿಡಿದು ಬಿಡಿ. ಇಷ್ಟಕ್ಕೆ ಜಾಗವೇನೂ ಬೇಡ. ವಾಹನ ಸುರಕ್ಷಿತ ಜಾಗದಲ್ಲಿ ನಿಂತರೆ ಎಲ್ಲರೂ ಇಳಿದು ನಡೆಯಲಿ, ನಿದ್ದೆ ಬರುತ್ತಿದೆ ಎನ್ನುವವನೂ ಸಹ.

ನೀರಿನ ವಿಷಯದಲ್ಲಿ ಕಳ್ಳಾಟ ನಡೆಯುತ್ತದೆ. ಮೂತ್ರಕ್ಕೆ ಎಲ್ಲಿ ಹೋಗುವುದು ಎಂಬ ಚಿಂತೆಯಿಂದ ಜವಾನರು ಗುಟುಕು ನೀರನ್ನೂ ಬಿಡುತ್ತಾರೆ. ಕವಚದೊಳಗೆ ಬೆವರು ಮಾತ್ರ ಹರಿಯುತ್ತಲೇ ಇರುತ್ತದೆ. ಬಾಯಗಲದ ಖಾಲಿ ಬಾಟಲಿಯೊಂದನ್ನು ಒಳಗಿಡಿ, ಅದರ ಬಗ್ಗೆ ಯಾರೂ ನಗದಂತೆ ನೋಡಿಕೊಳ್ಳಿ.

ಇಳಿಯಲು ಹತ್ತು ನಿಮಿಷ ಇರುವಾಗ ಸೂಚನೆ ಕೊಡಿ. ಮಲಗಿದವರು ಏಳಲಿ, ಹಿಮ್ಮಡಿಯ ಕಸರತ್ತು ಬಿಡುವಿಲ್ಲದೆ ನಡೆಯಲಿ, ಜೋಮು ಹಿಡಿದವನು ಈಗಲೇ ಹೇಳಲಿ. ಅವನನ್ನು ಬಾಗಿಲಿಗೆ ಮೊದಲಿಗನಾಗಿ ನಿಲ್ಲಿಸಬೇಡಿ. ಗುಂಡಿನ ಭಯವಿಲ್ಲದಿದ್ದರೆ ಹೊರೆ ಹೊತ್ತು ಧುಮುಕಬಾರದು. ಹಿಡಿಕೆ ಹಿಡಿದು ಒಂದೊಂದೇ ಪಾದ ಊರಬೇಕು. ಕತ್ತಲಿನ ಕೋಣೆಯಿಂದ ಬಿಸಿಲಿಗೆ ಬಂದ ಕಣ್ಣಿಗೂ ಒಂದು ಕ್ಷಣ ಬೇಕು.

ಅಭ್ಯಾಸದ ಓಟದ ಸಮಯವನ್ನು ಇಂಥ ಪ್ರಯಾಣ ಮುಗಿದ ಕೂಡಲೇ ಅಳೆಯಿರಿ. ಯೋಜನೆಗೆ ಆ ಅಂಕಿಯನ್ನೇ ಬಳಸಿ.

ಮುಂದಿನ ದಿನಗಳಲ್ಲಿ ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ ನೋಯುತ್ತಿದ್ದರೆ ತಿಕ್ಕಬೇಡಿ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ಅದು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ. ಅವನನ್ನು ನಡೆಸದೆ ಅಂದೇ ವೈದ್ಯರ ಬಳಿಗೆ ಸಾಗಿಸಿ.